ಈ ಮಾತು ಕಲಿಸಿದವರು ಯಾರು?

“ಇನ್ನೊಂದ್ ಸಲ ಯೋಳು ಮಗ. ಸಾ ಕೇಳಿಸ್ಕಳ್ಲಿ.”

ನಾಗಮಣಿ ಮಗಳ ಭುಜ ಅಲುಗಿಸಿದಳು. ಎಂಟು ವರ್ಷದ ದೀಪಿಕ ಹೆಡ್‌ಮಾಸ್ಟರ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಿದ್ದಳು. ನೋಡುತ್ತಲೇ ಹೇಳಿದಳು:

“ನೀ ಸತ್ತೋಗ್ಬುಡು. ನಾ ನೆಮ್ಮದಿಯಾಗಿರ್ತೀನಿ.”

ಕೋಣೆಯಲ್ಲಿದ್ದ ಮೂವರು ದೊಡ್ಡವರೂ ತಲೆ ತಗ್ಗಿಸಿದರು.

ದೀಪಿಕಳಿಗೆ ಆಟಿಸಂ. ಸ್ವಂತ ಮಾತು ಅಪರೂಪ. ಎಂದೋ ಕಿವಿಗೆ ಬಿದ್ದದ್ದನ್ನು ಇನ್ನೆಂದೋ ಅಕ್ಷರ ಬಿಡದೆ ಒಪ್ಪಿಸುತ್ತಾಳೆ; ರಾಗವಿಲ್ಲ, ಏರಿಳಿತವಿಲ್ಲ. ಏಳು ವರ್ಷ ಅದೂ ಇರಲಿಲ್ಲ. ಕಳೆದ ವರ್ಷ ನಾಗಮಣಿ ಒಬ್ಬಳೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದಾಗ, ಮಾತು ಬರುವುದು ಕಷ್ಟ ಎಂದು ಮಂಡ್ಯದ ಡಾಕ್ಟರು ಹೇಳಿ ಕಳಿಸಿದ್ದರು. ಆಮೇಲೆ ಮದ್ದೂರು–ಮಳವಳ್ಳಿ ರಸ್ತೆಯ ಈ ಸರ್ಕಾರಿ ಶಾಲೆಗೆ ವಾರಕ್ಕೆ ಮೂರು ದಿನ ಬರುವ ವಿಶೇಷ ಶಿಕ್ಷಕಿ ತೂಬಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಲೋಟ ತೋರಿಸಿ “ನೀರು” ಎಂದಳು. ನಾಲ್ಕು ತಿಂಗಳು ಅದನ್ನೇ ಎಂದಳು. ಒಂದು ಸಂಜೆ ದೀಪಿಕ ಮನೆಯಲ್ಲಿ “ಅವ್ವ, ನೀರು” ಎಂದಾಗ ನಾಗಮಣಿ ಬೀದಿಗೆ ಓಡಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದಳು. ಅಂಥ ಮಗಳ ಬಾಯಲ್ಲಿ ಈಗ ಇದು.

“ಯಾರ್ ಕಲ್ಸುದ್ರು ಸಾ ಇದ್ನ? ಮನೇಲಿರಾದು ನಾನು, ನಮ್ಮತ್ತೆ. ಇವ್ರಪ್ಪ ಸೋಮನಹಳ್ಳಿ ಫ್ಯಾಕ್ಟ್ರಿಗೋದ್ರೆ ಬರಾದು ಕತ್ಲಾದ್ಮೇಲೆ. ನಮ್ಮತ್ತೆಗೆ ಇವ್ಳಂದ್ರೆ ಪ್ರಾಣ. ಇನ್ಯಾರು?”

ಕೇಳಿದ್ದು ಹೆಡ್‌ಮಾಸ್ಟರನ್ನು, ನೋಡಿದ್ದು ತೂಬಾಳನ್ನು.

ಹೆಡ್‌ಮಾಸ್ಟರ್ ಶಿವರಾಜು ಯಾವ ತಕರಾರನ್ನೂ ಬಗೆಹರಿಸದೆಯೇ ನಿವೃತ್ತಿಯ ಹತ್ತಿರ ಬಂದಿದ್ದ ಪುಣ್ಯಾತ್ಮರು. ಇದೂ ತಾನಾಗಿಯೇ ಮುಗಿದೀತೆಂದು ಕನ್ನಡಕ ಒರೆಸಿಕೊಂಡರು.

ತೂಬಾ ಮದ್ದೂರು ಪೇಟೆಯ ಹುಡುಗಿ. ಮನೆಮಾತು ಉರ್ದು. ಕನ್ನಡವನ್ನು ಪುಸ್ತಕದಿಂದ ಕಲಿತು ಪುಸ್ತಕದ ಹಾಗೆಯೇ ಆಡುತ್ತಿದ್ದಳು. ಮಕ್ಕಳು ಮರೆಯಲ್ಲಿ ಅಣಕಿಸಿ ನಗುತ್ತಿದ್ದರು.

“ಅಕ್ಕ, ಅವಳು ಇಷ್ಟೇ ಹೇಳುತ್ತಾಳೆಯೇ? ಇದರ ಮುಂದೆ ಏನನ್ನೂ ಹೇಳುವುದಿಲ್ಲವೇ?”

“ಇಷ್ಟ್ ಸಾಲ್ದಾ? ಇನ್ನೂ ಏನೇನ್ ಯೋಳ್ಕೊಟ್ಟಿದ್ದೀಯ?”

ತೂಬಾ ಹಿಡಿದಿದ್ದ ಉಸಿರು ಬಿಟ್ಟಳು. ಅದು ನಾಗಮಣಿಯ ಕಣ್ಣಿಗೆ ಬಿತ್ತು. ಅರ್ಧ ಸಿಕ್ಕಿಬಿದ್ದವರು ಇನ್ನರ್ಧ ಉಳಿಯಿತೆಂದು ಬಿಡುವ ಉಸಿರು ಅದು ಎಂದು ಅವಳಿಗೆ ಖಾತ್ರಿಯಾಯಿತು.

“ನಾನೇ ಹೇಳಿದ್ದು ಸರ್,” ಎಂದಳು ತೂಬಾ. “ಯಾವುದೋ ಬೇಸರದಲ್ಲಿ ಬಾಯಿ ತಪ್ಪಿತು. ಬರೆದು ಕೊಡುತ್ತೇನೆ.”

ಶಿವರಾಜು ಎದ್ದು ತಡೆಯುವಷ್ಟರಲ್ಲಿ ನಾಗಮಣಿಯ ಕೈ ಅವಳ ಕೆನ್ನೆಗೆ ಬಿದ್ದಿತ್ತು. ತೂಬಾ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಬರೆದಳು, ಸಹಿ ಹಾಕಿದಳು.

“ಇವಳನ್ನು ಮಾತ್ರ ಶಾಲೆ ಬಿಡಿಸಬೇಡಿ ಅಕ್ಕ. ಈಗ ನಿಂತರೆ ಕಲಿತದ್ದೂ ಹೋಗುತ್ತದೆ.”

“ನಿನ್ ಬುದ್ಧಿವಾದ ನಿನ್ತಾವೆ ಇರ್ಲಿ.”

ವಾರದೊಳಗೆ ತೂಬಾಳ ಕೆಲಸ ಹೋಯಿತು. ಬದಲಿಗೆ ಯಾರೂ ಬರಲಿಲ್ಲ. ತರಗತಿಯ ಟೀಚರಿಗೆ ನಲವತ್ತು ಮಕ್ಕಳು. ದೀಪಿಕ ಕಿರುಚಿದ ದಿನ ಜಗಲಿಯಲ್ಲಿ ಕೂರಿಸಿದರು, ಆಮೇಲೆ ದಿನವೂ ಜಗಲಿಯೇ ಆಯಿತು. ಒಂದು ದಿನ ನಾಗಮಣಿ ಬ್ಯಾಗು ಎತ್ತಿಕೊಂಡು ಮಗಳನ್ನು ಮನೆಗೆ ಕರೆತಂದಳು.

ಆ ಹುಡುಗಿ ಹೇಳಿದ್ದೇ ಆಯಿತು. ಕಲಿತದ್ದು ಒಂದೊಂದಾಗಿ ಹೋಯಿತು. ಮೊದಲು “ಅನ್ನ”. ಆಮೇಲೆ “ನೀರು”. ದೀಪಾವಳಿ ಕಳೆಯುವಷ್ಟರಲ್ಲಿ “ಅವ್ವ”. ಆ ಒಂದು ಕೆಟ್ಟ ಮಾತು ಮಾತ್ರ ಉಳಿಯಿತು. ಊಟದ ಹೊತ್ತಿಗೆ, ತಲೆ ಬಾಚುವ ಹೊತ್ತಿಗೆ, ಯಾವಾಗ ಬೇಕಾದರೂ ಬರುತ್ತಿತ್ತು. ಕೇಳಿದಾಗಲೆಲ್ಲ ನಾಗಮಣಿ ಮಗಳ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ತೂಬಾಳಿಗೆ ಶಾಪ ಹಾಕದ ದಿನವಿರಲಿಲ್ಲ. ಎಂಥ ಹೆಂಗಸು, ಕೂಸಿಗೆ ಹೀಗನ್ನಲು ಬಾಯಾದರೂ ಹೇಗೆ ಬಂತು!

ತಾನೇ ಕಲಿಸುತ್ತೇನೆಂದು ಕೂತಳು. ಬೆಳಗ್ಗೆಯಿಂದ ಸಂಜೆಯವರೆಗೆ ಲೋಟ ಹಿಡಿದಳು. ಕೆಲವು ದಿನ ಗದರಿದಳು, ಆಮೇಲೆ ಅತ್ತಳು. ಒಂದು ಮಧ್ಯಾಹ್ನ ಲೋಟ ಪಕ್ಕಕ್ಕಿಟ್ಟು ಮಗಳ ಗಲ್ಲ ಹಿಡಿದುಕೊಂಡಳು.

“ನೀರ್ ಬ್ಯಾಡ ಬುಡು. ಅವ್ವ ಅನ್ನು ಮಗ. ಒಂದೇ ಒಂದ್ ಸಲ ಅವ್ವ ಅನ್ನು.”

ದೀಪಿಕ ಗೋಡೆ ನೋಡುತ್ತ ಬಾಯಿ ತೆರೆದಳು. ಅದೇ ಮಾತು. ಆದರೆ ಈ ಸಲ ಅಷ್ಟಕ್ಕೇ ನಿಲ್ಲಲಿಲ್ಲ.

“ನೀ ಸತ್ತೋಗ್ಬುಡು. ನಾ ನೆಮ್ಮದಿಯಾಗಿರ್ತೀನಿ. ಮದ್ದೂರ್, ಮದ್ದೂರ್, ಇಳಿಯೋರ್ ಮುಂದೆ ಬನ್ನಿ. ಎದ್ದೇಳು ಮಗ, ಮದ್ದೂರ್ ಬಂತು. ಆ ಡಾಕ್ಟ್ರು ಚೀಟಿ ಇತ್ಲಾಗ್ ಕೊಡು. ಅಂಗಂದೆ ಅಂತ ಬೇಜಾರ್ ಮಾಡ್ಕಬ್ಯಾಡ, ನಿಮ್ಮವ್ವಂಗೆ ಬುದ್ಧಿ ಇಲ್ಲ ಕಣ್ ಮಗ.”