ಬುಧವಾರದ ಮುಯ್ಯಿ

"ಮುಯ್ಯಿ ತೀರಿಸದ ಬಿಡೋ ಮಂದಿ ಅಲ್ಲವ್ವಾ ನಾವು. ತಿಳೀತಿಲ್ಲ?"

ಶಂಭುಲಿಂಗಪ್ಪ ಕೋಲನ್ನು ಅಂಗಳದ ಮಣ್ಣಿಗೆ ಬಲವಾಗಿ ಊರಿದ. ದೇವಿಕಾ ಹೊಸ್ತಿಲು ಬಿಟ್ಟು ಕದಲಲಿಲ್ಲ. ಅವಳ ಗಂಡ ಲಿಂಗರಾಜ್ ಒಳಗಿನ ಕಿಟಕಿಯಲ್ಲಿ ಅರ್ಧ ಮುಖ ತೋರಿಸಿ ಮರೆಯಾದ.

"ಯಜಮಾನ್ರ, ಅವತ್ತು ನಮ್ಮವ್ರು..."

"ಬಾಯಿಮಾತಿನಾಗ ತೀರೋದಲ್ಲ ಇದು. ನಿನ್ ಗಂಡ ನಮ್ಮ ಗದ್ದ್ಯಾಗ ಏನ್ ಮಾಡ್ಯಾನಂತ ಊರಿಗೆಲ್ಲ ಗೊತ್ತಾಗೈತಿ. ಬುಧವಾರ ಮುಂಜಾನೆ ಬರ್ತೀವಿ, ಇಪ್ಪತ್ತು ಮಂದಿ. ಅವನು ಎಲ್ಲಿಗೂ ಹೋಗಬಾರ್ದು. ನಾಯಿ ಕಟ್ಟಿ ಹಾಕು."

ಅಷ್ಟು ಹೇಳಿ ಕೋಲೂರುತ್ತ, ಯಾವ ಅವಸರವೂ ಇಲ್ಲದವನ ಹಾಗೆ ಹೊರಟುಹೋದ. ಆ ನಿಧಾನವೇ ದೇವಿಕಾಳ ಎದೆಗೆ ಇಳಿಯಿತು.

ಲಿಂಗರಾಜ್ ಮಾಡಿದ್ದಾದರೂ ಏನು? ಹನ್ನೊಂದು ವರ್ಷ ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿದವನು. ಕುರೆಕುಪ್ಪದ ಬಾಡಿಗೆ ಮನೆಯಲ್ಲಿ ಅವನದು ರಾತ್ರಿ ಶಿಫ್ಟು, ದೇವಿಕಾಳದು ಕ್ಯಾಂಟೀನಿನ ಬೆಳಗಿನ ಶಿಫ್ಟು, ಮಗಳು ಕಾವ್ಯಳದು ಸ್ಕೂಲು. ಮೂವರೂ ಒಟ್ಟಿಗೆ ತಟ್ಟೆ ಹಾಕಿಕೊಂಡು ಕೂತದ್ದು ಹಬ್ಬಕ್ಕೆ ಮಾತ್ರ. ಸಾಕು ಎಂದವಳು ದೇವಿಕಾ. ಹಾಗೆ ಎಮ್ಮಿಗನೂರಿಗೆ ಬಂದರು. ಎರಡು ಎಕರೆ ಗದ್ದೆ, ತಗಡಿನ ಮನೆ, ಎರಡು ಆಡು, ಒಂದು ನಾಯಿ.

ಕಾಲುವೆಗೆ ನೀರು ಬಿಟ್ಟ ವಾರ ಲಿಂಗರಾಜ್ ಬಾಡಿಗೆ ಟ್ರ್ಯಾಕ್ಟರ್ ಹತ್ತಿ, ನಾಟಿಗೆ ಗದ್ದೆ ಉತ್ತು ಹುರುಪಿನಿಂದ ಕೆಸರು ಹೊಡೆದ. ಇಳಿದು ನೋಡಿದರೆ, ತನ್ನ ಗದ್ದೆಯ ಜೊತೆಗೆ ಬದುವಿನಾಚೆಯ ಶಂಭುಲಿಂಗಪ್ಪನ ಗದ್ದೆಯನ್ನೂ ಹೊಡೆದು ಮುಗಿಸಿದ್ದ! ನೀರು ನಿಂತ ಗದ್ದೆಗಳು ಅವನ ಕಣ್ಣಿಗೆ ಒಂದೇ ಥರ ಕಂಡಿದ್ದವು. ಗಂಡ ಹೆಂಡತಿ ಯಾರಿಗೂ ಹೇಳದೆ ಬಾಯಿ ಹೊಲಿದುಕೊಂಡು ಕೂತರು.

ದೇವಿಕಾ ಹೊಸಪೇಟೆಯ ಅಣ್ಣ ಜಂಬುನಾಥನಿಗೆ ಫೋನು ಹಚ್ಚಿ ನಡೆದದ್ದೆಲ್ಲ ಹೇಳಿದಳು.

"ಮುಯ್ಯಿ ಅಂದ್ನಾ? ಲೇ ಹುಚ್ಚೀ, ಸೀರಿಯಲ್ ನೋಡಂಗಿಲ್ಲೇನು? ಮುಯ್ಯಿಗೆ ಮುಯ್ಯಿ! ಕೈಕಾಲು ಮುರೀತಾರ. ಕೇಳದನ ಮತ್ತೊಬ್ಬರ ಹೊಲಕ್ಕ ಕಾಲಿಟ್ರ ಬಿಡ್ತಾರೇನು? ಮೂರು ತಿಂಗಳಿಗೆ ವಾಪಸ್ ಬರ್ತೀ ಅಂತ ನಾ ಅವತ್ತ ಹೇಳಿದ್ನಿಲ್ಲ? ನೀ ಎರಡಕ್ಕ ಬಂದಿ. ಗಾಡಿ ಕಳಿಸ್ಲೇನು?"

"ಕಳಿಸು," ಎಂದಳು ದೇವಿಕಾ. "ಖಾಲಿ ಕಳಿಸಬ್ಯಾಡ. ಗೊಬ್ಬರ ಹೇರಿ ಕಳಿಸು."

ಅವಳ ನಿಜವಾದ ಚಿಂತೆ ಬೇರೆಯಿತ್ತು. ಮಡಿಯಲ್ಲಿ ಭತ್ತದ ಸಸಿ ಬಲಿಯುತ್ತಿತ್ತು. ಈ ವಾರ ನಾಟಿ ಆಗದಿದ್ದರೆ ಬೆಳೆ ಇಲ್ಲ, ಬೆಳೆ ಇಲ್ಲದಿದ್ದರೆ ಮತ್ತೆ ಅದೇ ಕುರೆಕುಪ್ಪ, ಅದೇ ಶಿಫ್ಟು. ಆಳು ಕೇಳಲು ಓಣಿ ಓಣಿ ತಿರುಗಿದಳು. ಎಲ್ಲರದ್ದೂ ಒಂದೇ ಉತ್ತರ: "ಬುಧವಾರ ಬ್ಯಾರೆ ಕೆಲಸ ಐತವ್ವಾ." ಹೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಊರಿಗೆ ಊರೇ ಒಂದಾಗಿದೆ ಎಂದು ಅವಳಿಗೆ ಖಾತ್ರಿಯಾಯಿತು.

ಮಂಗಳವಾರ ಸಂಜೆ ಲಿಂಗರಾಜ್ ಬ್ಯಾಗಿಗೆ ಬಟ್ಟೆ ತುಂಬತೊಡಗಿದ.

"ನೀವು ಹೋಗೋದಿದ್ರ ಹೋಗ್ರಿ," ಎಂದಳು ದೇವಿಕಾ. "ಸಸಿ ನಾನೊಬ್ಬಾಕೀನ ಹಚ್ತೀನಿ. ವರ್ಷ ಹಿಡಿದ್ರೂ ಹಚ್ತೀನಿ."

"ವರ್ಷ ಹಿಡಿದ್ರ ಅದು ಸಸಿ ಅಲ್ಲ ಮಾರಾಯ್ತಿ, ಹುಲ್ಲು."

"ಹುಲ್ಲಾದ್ರ ಆಡು ಮೇಯ್ತಾವ. ನಾ ಮಾತ್ರ ಹೋಗಂಗಿಲ್ಲ."

ಅವನು ಬ್ಯಾಗಿನಿಂದ ಒಂದೊಂದೇ ಅಂಗಿ ತೆಗೆದು ಮತ್ತೆ ಹಗ್ಗಕ್ಕೆ ನೇತುಹಾಕಿದ.

ಬುಧವಾರ ಬಿಸಿಲೇರುವ ಮುಂಚೆಯೇ ಬಂದರು. ದಾರಿ ತುಂಬ ಮಂದಿ. ಹೆಂಗಸರು ಸೀರೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದ್ದರು. ಗಂಡಸರು ಲುಂಗಿ ಎತ್ತಿ ಕಟ್ಟಿದ್ದರು. ಒಬ್ಬನ ಹೆಗಲಲ್ಲಿ ಹಗ್ಗದ ಸುರುಳಿ. ಎಲ್ಲರಿಗಿಂತ ಮುಂದೆ ಶಂಭುಲಿಂಗಪ್ಪ, ಕೋಲಿನ ಸಮೇತ. ಯಾರೂ ಮನೆಯ ಕಡೆ ತಿರುಗಲಿಲ್ಲ. ನೆಟ್ಟಗೆ ಗದ್ದೆಗೇ ನಡೆದರು.

ದೇವಿಕಾ ಕಾವ್ಯಳನ್ನು ಒಳಗೆ ಕೂಡಿಸಿ ಚಿಲಕ ಹಾಕಿದಳು. ಸಲಿಕೆ ಎಳೆದುಕೊಂಡು ಓಡಿ ಬದುವಿನ ಮೇಲೆ ಅಡ್ಡ ನಿಂತಳು. ಲಿಂಗರಾಜ್ ಅವಳ ಬೆನ್ನ ಹಿಂದಿನಿಂದ ಬಂದು ಪಕ್ಕಕ್ಕೆ ನಿಂತ.

"ಕೇಳ್ರಿ ಎಲ್ಲಾರೂ! ಈ ಮಣ್ಣು ಬಿಟ್ಟು ನಾವು ಕದಲಂಗಿಲ್ಲ. ಹೊಡಿತೀರೋ, ಕಡಿತೀರೋ, ಏನ್ ಮಾಡ್ತೀರೋ ಮಾಡ್ರಿ!"

ಮಂದಿ ಗಕ್ಕನೆ ನಿಂತರು. ಹಿಂದೆ ಯಾರೋ ಕಿಸಕ್ಕೆಂದರು.

"ಕದಲಬ್ಯಾಡ ಅಂತಾನ ಬಂದೀವಿ," ಎಂದ ಶಂಭುಲಿಂಗಪ್ಪ.

ಅವನ ಹೆಂಡತಿ ಸುಮಂಗಲಮ್ಮ ಸಲಿಕೆಯನ್ನು ಒಂದೇ ಬೆರಳಿನಿಂದ ಅತ್ತ ಸರಿಸಿ ಕೆಸರಿಗಿಳಿದಳು: "ನಮ್ಮವ್ರು ಕಾಲು ಮುರ್ಕೊಂಡು ಮಲಗಿದ್ದಾಗ ಕೇಳದನ ಬಂದು ನಮ್ಮ ಗದ್ದಿ ಹೊಡದು ಕೊಟ್ಟಾನ ನಿನ್ ಗಂಡ, ಅದಕ್ಕ ಇವತ್ತು ಮುಯ್ಯಾಳು ಬಂದೀವಿ; ಸಸಿ ನಾವು ಹಚ್ತೀವಿ, ನೀ ಜಲ್ದಿ ಹೋಗಿ ಇಪ್ಪತ್ತು ಮಂದಿಗೆ ರೊಟ್ಟಿ ಬಡಿಯವ್ವಾ!"