ಒಂಬತ್ತನೆಯ ಪದ

ಆ ಬೆಳಿಗ್ಗೆಯೂ ಕೋಣೆಯ ಜೊತೆಗಾರ ಮೀಸೆ ರೇಡಿಯೊ ಆರಿಸಿದ. ಲಿಫ್ಟ್ ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡೇ ಅದನ್ನು ಗಮನಿಸಿದ. ತನ್ನ ಪಿಸುಮಾತು ಸ್ಪಷ್ಟವಾಗಿ ಕೇಳಿಸಲೆಂದೇ ಆರಿಸುತ್ತಿದ್ದಾನೆ, ಇನ್ನು ಅನುಮಾನವಿಲ್ಲ.

ಆದರೂ ದಿನದ ಪಾಠ ತಪ್ಪಿಸುವಂತಿರಲಿಲ್ಲ. ಕಿಟಕಿಗೆ ಮುಖ ಮಾಡಿ, ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳನ್ನು ಎಣಿಸುತ್ತ ಅವನು ಪಿಸುಗುಟ್ಟಿದ: "ಹುಲಿ, ಉಪ್ಪು, ಏಣಿ, ಚಮಚ, ಈರುಳ್ಳಿ, ಚಿಕ್ಕಪ್ಪ, ಸೇತುವೆ, ಕೊಡೆ, ಮರಳು, ಬೆಕ್ಕು, ಚಂದ್ರ, ದೀಪ."

ಹನ್ನೆರಡು ಗೆಣ್ಣು, ಹನ್ನೆರಡು ಪದ. ಲೆಕ್ಕ ಸರಿಯಾಗಿತ್ತು. ತಿರುಗಿ ನೋಡಿದರೆ ಮೀಸೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಕಿವಿಗೆ ಅಡ್ಡ ಬರಬಾರದಲ್ಲ! ಅವನ ತುಟಿಗಳೂ ಅಲುಗುತ್ತಿದ್ದವು.

ಇಬ್ಬರೂ ಪರದೇಶದಲ್ಲಿ ಒಂದೇ ಕೋಣೆಯ ಬಾಡಿಗೆದಾರರು. ಒಂದೇ ಕಟ್ಟಡಕ್ಕೆ ಲಿಫ್ಟ್ ಕೂರಿಸುವ ಕೆಲಸಗಾರರು. ಮೀಸೆ ವೆಲ್ಡರ್, ಬೇರೆ ದೇಶದವನು. ಇಬ್ಬರ ನಡುವೆ ಇದ್ದದ್ದು ಹರಕು ಇಂಗ್ಲಿಷ್ ಮಾತ್ರ.

ಮೆಕ್ಯಾನಿಕ್‌ನ ಮೂರು ವರ್ಷದ ಉಳಿತಾಯವೆಲ್ಲ ಕ್ರಿಪ್ಟೊ ನಾಣ್ಯಗಳಾಗಿ ಫೋನಿನ ವಾಲೆಟ್‌ನಲ್ಲಿತ್ತು. ಬ್ಯಾಂಕಿನ ಮೂಲಕ ಮನೆಗೆ ಕಳಿಸಲು ನಾಲ್ಕು ದಿನ ಹಿಡಿಯುತ್ತಿತ್ತು. ಇದಕ್ಕೆ ನಾಲ್ಕು ನಿಮಿಷ ಸಾಕು. ಫೋನು ಕಳೆದರೂ ಭಯವಿಲ್ಲ. ವಾಲೆಟ್ ಕೊಟ್ಟಿದ್ದ ಹನ್ನೆರಡು ಇಂಗ್ಲಿಷ್ ಪದಗಳನ್ನು ಅದೇ ಕ್ರಮದಲ್ಲಿ ಒತ್ತಿದರೆ ಯಾವ ಫೋನಿನಲ್ಲಾದರೂ ಅದು ತೆರೆದುಕೊಳ್ಳುತ್ತದೆ. ಯಾರು ಒತ್ತಿದರೂ ತೆರೆದುಕೊಳ್ಳುತ್ತದೆ. ತೊಡಕಿದ್ದದ್ದೇ ಅಲ್ಲಿ. ಆದ್ದರಿಂದ ಅವನು ಆ ಪದಗಳನ್ನು ಕನ್ನಡಕ್ಕೆ ತಂದು, ಬಾಯಿಪಾಠ ಮಾಡಿ, ಇಂಗ್ಲಿಷ್ ಚೀಟಿಯನ್ನು ಸುಟ್ಟುಹಾಕಿದ್ದ. ಹದಿನಾಲ್ಕು ಭಾಷೆಗಳ ಆ ಕಟ್ಟಡದಲ್ಲಿ ಕನ್ನಡ ಬಲ್ಲವನು ಅವನೊಬ್ಬನೇ. ಇದಕ್ಕಿಂತ ಗಟ್ಟಿ ಬೀಗ ಇನ್ನಾವುದು?

ಆದರೆ ಮೀಸೆ ಮೊದಲ ವಾರವೇ ಅದರಲ್ಲೊಂದು ಪದದ ಅರ್ಥ ಕೇಳಿದ್ದ. ಮೆಕ್ಯಾನಿಕ್ ಆಗ ಯೋಚಿಸದೆ ಹೇಳಿಬಿಟ್ಟಿದ್ದ. ಯಾವ ಪದವೆಂಬುದೂ ಈಗ ನೆನಪಿರಲಿಲ್ಲ. ನಿನ್ನೆಯಂತೂ ಮೀಸೆಯ ಜೇಬಿನಿಂದ ಪುಟ್ಟ ಪುಸ್ತಕವೊಂದು ಇಣುಕಿತ್ತು.

ಮೆಕ್ಯಾನಿಕ್ ತಡಮಾಡಲಿಲ್ಲ. ಫೋನು ಮೀಸೆಯ ಕೈಗೆ ಸಿಕ್ಕರೂ ಏನೂ ಕಾಣಬಾರದೆಂದು ವಾಲೆಟ್ಟನ್ನೇ ಅದರಿಂದ ಅಳಿಸಿದ. ಇನ್ನು ಅದು ತನ್ನ ತಲೆಯೊಳಗೆ ಮಾತ್ರ ಭದ್ರ.

ಮಧ್ಯಾಹ್ನ ಅಕ್ಕನ ಕರೆ ಬಂತು.

"ಅಕ್ಕಾ, ನನ್ನ ಕೋಣೆಯವನು ಕಳ್ಳ ಕಣೇ."

"ಏನು ಕದ್ದ? ನಿನ್ನ ತೂತು ಬಿದ್ದ ಬನಿಯನ್ನಾ?"

"ಪದ ಕದೀತಿದಾನೆ!"

"ನೀನು ಮಾತಾಡೋ ನಾಲ್ಕು ಪದಾನೂ ಕದ್ದರೆ ಮೂಕ ಆಗ್ಬಿಡ್ತೀಯಲ್ಲೋ! ಅದಿರಲಿ, ಇನ್ನೊಂದು ಗಂಟೇಲಿ ಮುಂಗಡ ಬರಬೇಕು. ಇಲ್ಲಾಂದ್ರೆ ಮಳಿಗೇನ ಮೊಬೈಲ್ ರಿಪೇರಿಯವನಿಗೆ ಕೊಡ್ತಾರಂತೆ. ನನ್ನ ಮೂರು ಹೊಲಿಗೆ ಮಷಿನ್ನೂ ಬೀದೀಲಿ ನಿಂತಿವೆ. ನಿಮ್ಮ ಭಾವ ಅವಕ್ಕೆ ಕೊಡೆ ಹಿಡ್ಕೊಂಡು ಮದುವೆ ಗಂಡಿನ ಥರ ಕಾಯ್ತಿದಾರೆ."

"ಈಗ್ಲೇ ಕಳಿಸ್ತೀನಿ."

ಲಿಫ್ಟಿನ ಭಾರಪರೀಕ್ಷೆಗೆಂದು ಬೆಳಗ್ಗಿನಿಂದ ಹೊತ್ತು ತಂದಿದ್ದ ಮರಳಿನ ಮೂಟೆಯ ಮೇಲೆಯೇ ಕುಳಿತು ಅವನು ವಾಲೆಟ್ಟನ್ನು ಮತ್ತೆ ಫೋನಿಗೆ ಇಳಿಸಿಕೊಂಡು, ಹನ್ನೆರಡು ಪದಗಳನ್ನು ಇಂಗ್ಲಿಷಿನಲ್ಲಿ ಒತ್ತಿದ. ವಾಲೆಟ್ ತೆರೆಯಲಿಲ್ಲ. ಪದಗಳು ಹೊಂದುತ್ತಿಲ್ಲ, ಪರಿಶೀಲಿಸಿ ಎಂದಿತು. ಮತ್ತೆ ಒತ್ತಿದ. ಕಾಗುಣಿತ ನೋಡಿದ. ಗೆಣ್ಣು ಎಣಿಸಿದ. ಐದನೆಯ ಸಲವೂ ಅದೇ ಉತ್ತರ. ಮೂರು ವರ್ಷದ ದುಡಿಮೆ ಗಾಜಿನಾಚೆ ನಿಂತು ನಕ್ಕಂತಾಯಿತು. ಗಂಟೆಯಲ್ಲಿ ಉಳಿದದ್ದು ಹದಿನೇಳು ನಿಮಿಷ.

ಆಗ ಎದುರಿಗೆ ಮೀಸೆ ಬಂದ. ಮೆಕ್ಯಾನಿಕ್ ಎದ್ದು ಅವನ ಅಂಗಿ ಹಿಡಿದ. ಈಗ ಕಳ್ಳನ ಪ್ರತಿಯೇ ಗತಿ.

"ಪುಸ್ತಕ ತೆಗಿ."

"ಯಾವ ಪುಸ್ತಕ?"

"ನನ್ನ ಹನ್ನೆರಡು ಪದ ಬರ್ಕೊಂಡಿದೀಯಲ್ಲ, ಅದು!"

ಮೀಸೆಯ ಕಿವಿ ಕೆಂಪಾಯಿತು. "ತಪ್ಪಾಯ್ತು. ನಿನ್ನ ಕೇಳದೆ ಬರ್ಕೋಬಾರ್ದಿತ್ತು."

ಒಪ್ಪಿಕೊಂಡೇಬಿಟ್ಟ! ಬಯ್ಯಲು ಸಮಯವಿರಲಿಲ್ಲ. "ಓದು."

ಮೀಸೆ ಟೋಪಿ ತೆಗೆದು, ತನ್ನ ಲಿಪಿಯಲ್ಲಿ ಬರೆದುಕೊಂಡಿದ್ದನ್ನು ಒಂದಕ್ಷರ ತಪ್ಪದೆ ಓದಿದ. ಹುಲಿ ಹುಲಿಯಾಗಿಯೇ ಇತ್ತು. ಚಿಕ್ಕಪ್ಪ ಚಿಕ್ಕಪ್ಪನ ಜಾಗದಲ್ಲೇ ಇದ್ದ. ಒಂಬತ್ತನೆಯದಕ್ಕೆ ಬಂದಾಗ ಮೀಸೆ ತಲೆಯೆತ್ತಿದ.

"ಮರಳು. ಇದೊಂದರ ಅರ್ಥ ನಂಗೊತ್ತು. ಮೊದಲ ವಾರ ನೀನೇ ಹೇಳಿದ್ದೆ. ರಿಟರ್ನ್. ವಾಪಸ್ ಬಾ ಅಂತ."

ಮೆಕ್ಯಾನಿಕ್ ತಾನು ಕುಳಿತಿದ್ದ ಮೂಟೆಯನ್ನು ನೋಡಿದ. ಹಿಂತಿರುಗು ಎನ್ನುವ ಮರಳು! ದಿನವೂ ಮೂಟೆ ಹೊತ್ತೂ ಹೊತ್ತೂ ಆ ಪದ ಅವನ ತಲೆಯಲ್ಲಿ ಬರೀ ಉಸುಕಾಗಿ ಹೋಗಿತ್ತು. ಐದು ಸಲವೂ ಅವನು ಒತ್ತಿದ್ದು 'ಸ್ಯಾಂಡ್'.

'ರಿಟರ್ನ್' ಒತ್ತಿದ. ವಾಲೆಟ್ ತೆರೆಯಿತು. ಒಂದು ನಾಣ್ಯವೂ ಕದಲಿರಲಿಲ್ಲ. ಮುಂಗಡ ಹೊರಟಿತು. ನಾಲ್ಕನೆಯ ನಿಮಿಷಕ್ಕೆ ಅಕ್ಕನ ಧ್ವನಿ ಬಂತು: "ಬಂತು ಕಣೋ! ಬೀಗದ ಕೈ ಸಿಕ್ತು. ನಿಮ್ಮ ಭಾವ ಕೊಡೆ ಮಡಚಿದ್ರು!"

ಮೆಕ್ಯಾನಿಕ್ ಉಸಿರು ಬಿಟ್ಟ. ಆದರೆ ಲೆಕ್ಕ ಮಾತ್ರ ಹೊಂದಲಿಲ್ಲ. ಅರ್ಥವೇ ತಿಳಿಯದ ಹನ್ನೊಂದು ಪದಗಳನ್ನು ಇವನು ಇಷ್ಟು ಜೋಪಾನ ಮಾಡಿದ್ದೇಕೆ?

"ನಿಜ ಹೇಳು," ಎಂದ. "ಇದನ್ನ ಯಾಕೆ ಬರ್ಕೊಂಡೆ?"

ಮೀಸೆ ಹಿಂದಕ್ಕೆ ನೋಡಿದ. ಲಿಫ್ಟಿಗಾಗಿ ತೋಡಿದ್ದ ಆಳದ ಗುಂಡಿಯ ಸುತ್ತ ಇಡೀ ಪಾಳಿಯ ಕೆಲಸಗಾರರು ಹೆಲ್ಮೆಟ್ ಕಳಚಿ, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಗೆಣ್ಣು ಎಣಿಸುತ್ತ ನಿಂತಿದ್ದರು.

"ಎಲ್ರಿಗೂ ಹಂಚೋಕೆ," ಎಂದ ಮೀಸೆ ಭಕ್ತಿಯಿಂದ. "ನಿನ್ನ ದೇವರ ಹನ್ನೆರಡು ಹೆಸರು ಹೇಳದೆ ಈಗ ಇಲ್ಲಿ ಯಾರೂ ಗುಂಡಿಗೆ ಇಳಿಯಲ್ಲ."