ಹಳದಿ ಡಬ್ಬಿ

ನಮ್ಮದು ಎಪಾಕ್ಸಿ ರೆಸಿನ್‌ನಲ್ಲಿ ಗಡಿಯಾರ, ಕೀಚೈನ್ ಮಾಡುವ ಅಂಗಡಿ. ರೆಸಿನ್‌ಗೆ ಬೆರೆಸುವ ಹಳದಿ ಬಣ್ಣದ ಪುಡಿ ನಿನ್ನೆ ಡಬ್ಬಿ ತುಂಬ ಇತ್ತು, ಬೆಳಿಗ್ಗೆ ನೋಡಿದರೆ ಹೋದ ವಾರದ ಹಾಗೇ ಮತ್ತೆ ಅರ್ಧ. ಅಕ್ಕ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

“ಲೋ ಕಳ್ಳ, ಎಲ್ಲಿಗೋ ಸಾಗಿಸ್ತಿದೀಯ ನನ್ನ ಬಣ್ಣಾನ?”

“ಸಿನಿಮಾ ಡೈಲಾಗ್ ಬಿಟ್ರೆ ನಾನು ಜೀವನದಲ್ಲಿ ಏನೂ ಕದ್ದಿಲ್ಲ ಅಕ್ಕಾ.”

“ಕಪಾಳಕ್ಕೆ ಬಿಡ್ತೀನಿ ನೋಡು! ಇವತ್ತೇ ಅಂಗಡಿಯಿಂದ ತೊಲಗು!”

ಪಕ್ಕದಲ್ಲಿ ಅಚ್ಚಿಗೆ ರೆಸಿನ್ ಹುಯ್ಯುತ್ತಿದ್ದ ನಮ್ಮ ಹಳೇ ಕೆಲಸಗಾರ ವಾಮನಣ್ಣ ಬೆಂಕಿಗೆ ತುಪ್ಪ ಸುರಿದ. “ನಾನು ಆವಾಗ್ಲೇ ಹೇಳ್ಲಿಲ್ವಾ ಮೇಡಂ? ತಮ್ಮ ಅಂತ ನಂಬಿದ್ರಿ.”

ನನಗೆ ಮೈಯೆಲ್ಲ ಉರಿಯಿತು. “ಅಣ್ಣೋ, ಇನ್ನೂ ಇಂಟರ್ವಲ್ಲೇ ಆಗಿಲ್ಲ. ಆಗ್ಲೇ ವಿಲನ್ ಯಾರು ಅಂತ ಹೇಳ್ಬಿಟ್ರಾ?”

“ಮುಚ್ಚೋ ಬಾಯಿ!” ಅಕ್ಕ ನನ್ನ ಕಾಲರ್ ಹಿಡಿದಳು.

ಅಷ್ಟರಲ್ಲಿ ವಾಮನಣ್ಣನ ಫೋನ್ ಹೊಡೆದುಕೊಂಡಿತು. ಅವನ ಗ್ಲೌಸ್ ತುಂಬ ಅಂಟು.

“ಮನೇದು. ಕಟ್ ಮಾಡೋ, ಆಮೇಲೆ ಮಾತಾಡ್ತೀನಿ” ಎಂದ.

ನಾನು ಕೈ ಚಾಚಿ ಸ್ಪೀಕರ್ ಒತ್ತಿದೆ.

“ರೀ, ಎಂಥಾ ಹಳದಿ ಪುಡಿ ತಂದ್ಕೊಟ್ರಿ ನಿನ್ನೆ? ರೆಸಿನ್‌ಗೆ ಕಲಸಿದಾಗ ಹಳದೀನೇ ಇತ್ತು. ಗಟ್ಟಿಯಾಗ್ಲಿ ಅಂತ ಹಾರ್ಡನರ್ ಹಾಕಿದ್ದೇ ತಡ, ಥೇಟ್ ಆರತಿ ನೀರಿನ ಥರ ಕೆಂಪಾಗೋಯ್ತು! ಕೀಚೈನೆಲ್ಲಾ ಹಾಳು!”

ಕಾಲರ್ ಹಿಡಿದಿದ್ದ ಅಕ್ಕನ ಕೈ ಸಡಿಲವಾಯಿತು.

“ಅಕ್ಕಾ, ನಿನ್ನೆ ಸಂಜೆ ಆ ಡಬ್ಬಿಗೆ ಅಡುಗೆಮನೆ ಅರಿಶಿನ ತುಂಬಿಟ್ಟಿದ್ದು ಮಾತ್ರ ನಾನೇ.”